ಎರಡನೆಯವನ ಜರಡಿ

ಅಕ್ಕಿ ಆರಿಸಲು ಕುಳಿತ ಗೃಹಿಣಿ ಒಂದೊಂದೇ ಕಾಳನ್ನು ಕೈಗೆತ್ತಿಕೊಂಡು ‘ನೀನು ಅಕ್ಕಿಯೋ, ಕಲ್ಲೋ?’ ಎಂದು ವಿಚಾರಣೆ ನಡೆಸಿದರೆ ಮನೆಮಂದಿಗೆ ಅಂದು ಉಪವಾಸವೇ ಗತಿ. ಆಕೆ ಜಾಣೆ, ಮೊರದಲ್ಲಿ ಹರವಿ, ಬೇಡವಾದುದನ್ನಷ್ಟೇ ಹೆಕ್ಕಿ ಎಸೆಯುತ್ತಾಳೆ. ಉಳಿದುದು ಅನ್ನವಾಗುತ್ತದೆ. ಇದೇ ಜಾಣತನವನ್ನು ಗಣಿತಕ್ಕೆ ತಂದವನು ಕ್ರಿಸ್ತಪೂರ್ವ 3ನೆಯ ಶತಮಾನದ ಎರಟೋಸ್ಥೆನೀಸ್. ಅಲೆಕ್ಸಾಂಡ್ರಿಯದ ಮಹಾಗ್ರಂಥಾಲಯದ ಮುಖ್ಯಸ್ಥ.

2, 3, 5, 7, 11 ಮೊದಲಾದ ಅವಿಭಾಜ್ಯ ಸಂಖ್ಯೆಗಳು ಬಲು ಸ್ವಾಭಿಮಾನಿಗಳು; ಒಂದರಿಂದಲೂ ತಮ್ಮಿಂದಲೂ ಅಲ್ಲದೆ ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗವು. ಅವುಗಳಿಗೆ ಕೊನೆಯಿಲ್ಲವೆಂದು ಯೂಕ್ಲಿಡ್ ಆಗಲೇ ತೋರಿಸಿದ್ದನು. ಆದರೆ ಅವುಗಳನ್ನು ಗುರುತಿಸುವುದೆಂತು? ಎರಟೋಸ್ಥೆನೀಸ್ ಕಂಡ ಉಪಾಯ ಸರಳವಾದುದು. 2ರಿಂದ ಮೊದಲ್ಗೊಂಡು ಸಂಖ್ಯೆಗಳನ್ನು ಸಾಲಾಗಿ ಬರೆಯಬೇಕು. 2ನ್ನು ಉಳಿಸಿ, ಅದರ ಮಗ್ಗಿಯಲ್ಲಿ ಮುಂದೆ ಬರುವುದನ್ನೆಲ್ಲ ಹೊಡೆದುಹಾಕಬೇಕು. ಬಳಿಕ 3ರ ಮಗ್ಗಿ, 5ರ ಮಗ್ಗಿ, 7ರ ಮಗ್ಗಿ. ನೂರರವರೆಗಿನ ಪಟ್ಟಿಗೆ ಇಷ್ಟೇ ಸಾಕು. ಏಕೆಂದರೆ ಅಲ್ಲಿ ಭಾಗವಾಗಬಲ್ಲ ಸಂಖ್ಯೆ ಯಾವುದಾದರೂ ಈ ನಾಲ್ಕರಲ್ಲಿ ಒಂದರ ಬಲೆಗೆ ಬಿದ್ದೇ ತೀರುತ್ತದೆ. ಉಳಿದುನಿಂತ 25 ಸಂಖ್ಯೆಗಳೇ ಅವಿಭಾಜ್ಯಗಳು. ಲೋಕ ಇದನ್ನು ಎರಟೋಸ್ಥೆನೀಸನ ಜರಡಿ ಎಂದು ಕರೆಯುತ್ತದೆ.

ಇಂದು ಈ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಬಹುದು. ಯಂತ್ರಕ್ಕೆ ದಣಿವಿಲ್ಲ ನಿಜ. ಹಾಗೆಂದು ಅದನ್ನು ದುಡಿಸುವವನಿಗೆ ವಿವೇಕ ಬೇಡವೇ? ಹತ್ತು ಲಕ್ಷದೊಳಗೆ 78,498 ಅವಿಭಾಜ್ಯಗಳಿವೆ. ಒಂದೊಂದನ್ನೂ 2ರಿಂದ ಹಿಡಿದು ತನಗಿಂತ ಚಿಕ್ಕದಾದ ಪ್ರತಿಯೊಂದು ಸಂಖ್ಯೆಯಿಂದಲೂ ಭಾಗಿಸಿ ನೋಡೆಂದರೆ, ಇವಿಷ್ಟಕ್ಕೇ ಸುಮಾರು 3,755 ಕೋಟಿ ಭಾಗಾಕಾರಗಳು! ವರ್ಗಮೂಲದವರೆಗೆ ಭಾಗಿಸಿ ನಿಲ್ಲಿಸಿದರೆ ಶ್ರಮ ಬಹಳ ಇಳಿದೀತು. ಆದರೂ ಜರಡಿಗೆ ಸರಿಗಟ್ಟದು. ಜರಡಿಯಲ್ಲಿ ಪ್ರತಿ ಮಗ್ಗಿಯನ್ನೂ ಆಯಾ ಸಂಖ್ಯೆಯ ವರ್ಗದಿಂದ ಆರಂಭಿಸಿದರೆ, ಹೊಡೆಯಬೇಕಾದ ಗೀಟುಗಳು ಸುಮಾರು 21 ಲಕ್ಷ. ಭಾಗಾಕಾರ ಒಂದೂ ಇಲ್ಲ.

ಜರಡಿಗೂ ಒಂದು ಕೊರತೆಯುಂಟು. ಪಟ್ಟಿಯನ್ನು ಹರವಲು ಯಂತ್ರದ ಸ್ಮರಣೆಯಲ್ಲಿ ಸ್ಥಳ ಬೇಕು. ಅದಕ್ಕೆಂದೇ ಬಲ್ಲವರು ಸಮಸಂಖ್ಯೆಗಳನ್ನು ಮೊದಲೇ ಕೈಬಿಟ್ಟು ಸ್ಥಳವನ್ನು ಅರ್ಧಕ್ಕಿಳಿಸುತ್ತಾರೆ. ಪಟ್ಟಿ ತೀರ ದೊಡ್ಡದಾದರೆ ತುಂಡುಮಾಡಿ ಜರಡಿಗೆ ಸುರಿಯುತ್ತಾರೆ. ಇಡೀ ಮೂಟೆಯನ್ನು ಒಂದೇ ಮೊರಕ್ಕೆ ಸುರಿಯುವವರುಂಟೇ?

ಇಂಥ ಉಪಾಯ ಕಂಡವನಿಗೆ ಅವನ ಕಾಲದವರು ಇಟ್ಟ ಅಡ್ಡಹೆಸರು ‘ಬೀಟಾ’ ಎಂದು ಪ್ರತೀತಿ. ಅದು ಗ್ರೀಕ್ ವರ್ಣಮಾಲೆಯ ಎರಡನೆಯ ಅಕ್ಷರ. ಕಾವ್ಯ, ಭೂಗೋಳ, ಗಣಿತ ಎಲ್ಲಕ್ಕೂ ಕೈಹಾಕಿದವನು ಯಾವುದರಲ್ಲಿಯೂ ಮೊದಲಿಗನಲ್ಲವೆಂಬ ಕುಹಕ! ನೆರಳನ್ನಳೆದು ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದವನಿಗೆ ಈ ಬಿರುದು. ಅವನ ಗ್ರಂಥಗಳು ಬಹುಮಟ್ಟಿಗೆ ನಾಶವಾದವು; ಜರಡಿಯ ವಿವರ ನಮಗೆ ದೊರೆತದ್ದು ಬಹುಕಾಲದ ಅನಂತರ ಬಂದ ನಿಕೋಮಾಕಸನ ಬರಹದಿಂದ. ಆದರೂ ಜರಡಿ ಉಳಿಯಿತು. ಎರಡನೆಯವನೆಂದು ನಕ್ಕವರು ಒಂದನ್ನು ಮರೆತಿದ್ದರು: ಅವಿಭಾಜ್ಯಗಳ ಎಣಿಕೆಯಲ್ಲಿ ಒಂದಕ್ಕೆ ಸ್ಥಾನವಿಲ್ಲ, ಅದು ಆರಂಭವಾಗುವುದೇ ಎರಡರಿಂದ.