ಅಘನಾಶಿನಿಯ ಕಾಂಡ್ಲಾವನದಲ್ಲಿ ಒಂದು ದಿನ

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ನದಿಗಳಿಗೆ ಕೊರತೆಯಿಲ್ಲ. ಆದರೆ ನಮಗೆ ನೀರಿನ ಸಲಿಗೆ ಕಡಿಮೆ. ಭೀಮೆಯು ಬೇಸಿಗೆಯಲ್ಲಿ ಬಡವಾಗುವಳು. ಡೋಣಿಯ ನೀರು ಉಪ್ಪು. ಕೃಷ್ಣೆಯನ್ನು ಆಲಮಟ್ಟಿಯಲ್ಲಿ ಕಟ್ಟಿ ನಿಲ್ಲಿಸಿರುವರು. ಇಂಥ ಬಯಲುಸೀಮೆಯ ಒಂಬತ್ತು ಜನರಾದ ನಾವು ಕಳೆದ ಕಾರ್ತಿಕಮಾಸದಲ್ಲಿ ಗೋಕರ್ಣದ ಯಾತ್ರೆಯನ್ನು ನೆವಮಾಡಿಕೊಂಡು ಹೊರಟು, ಅಘನಾಶಿನಿಯ ಅಳಿವೆಯಲ್ಲಿರುವ ಕಾಂಡ್ಲಾವನವನ್ನು ಚಿಕ್ಕ ದೋಣಿಗಳಲ್ಲಿ ಕುಳಿತು ನೋಡಿಬಂದೆವು. ಆ ಒಂದು ದಿನದ ಸಂಗತಿಯನ್ನು ವಾಚಕರ ಮುಂದೆ ಇಡುವದು ಈ ಲೇಖನದ ಉದ್ದೇಶವು.

ಸೊಲ್ಲಾಪುರದಿಂದ ಹೊರ್ತಿ, ವಿಜಯಪುರಗಳ ಮೇಲೆ ಹಾಯ್ದು ಬರುವ 52ನೆಯ ರಾಷ್ಟ್ರೀಯ ಹೆದ್ದಾರಿಯು ಹುಬ್ಬಳ್ಳಿ, ಯಲ್ಲಾಪುರಗಳನ್ನು ದಾಟಿ ಅಂಕೋಲೆಯಲ್ಲಿ ಕಡಲ ಸೀಮೆಯನ್ನು ಮುಟ್ಟುವದು. ಆ ದಾರಿಯಲ್ಲಿ ಕೊಲ್ಹಾರದ ಸೇತುವೆಯ ಮೇಲೆ ನಮ್ಮ ವಾಹನವು ಬಂದಾಗ ಎರಡೂ ಕಡೆಗೆ ಆಲಮಟ್ಟಿಯ ಹಿನ್ನೀರು ಹೊಳೆಯುತ್ತಿತ್ತು. ಎಲ್ಲರೂ ಕಿಟಕಿಯಿಂದ ನೋಡಿ ಸಂತೋಷಪಟ್ಟರು. ನಮ್ಮ ಬಹುದಿನದ ಗೆಳೆಯರಾದ ಗೌಡರು ಮಾತ್ರ ಮುಖ ತಿರುಗಿಸಿ ಕುಳಿತರು. ಅವರ ಹುಟ್ಟಿದೂರು ಆ ನೀರಿನ ಕೆಳಗೆ ಇರುವದು. ಪರಿಹಾರದ ಹಣದಿಂದ ಕಾಲುವೆಯ ಕೆಳಗೆ ಕೊಂಡ ಹೊಲವಾದರೂ ನಾಲ್ಕೆಂಟು ವರ್ಷ ಸೊಗಸಾಗಿ ಬೆಳೆದು, ಬಳಿಕ ಸವಳು ಹಿಡಿದು ಬೀಳುಬಿದ್ದಿತು.

"ಮಾಸ್ತರ್ರ, ನೀರ ಬಂದು ಊರ ತಗೊಂಡ ಹೋತು. ಕಾಲಿವಿ ಬಂದು ಹೊಲಾ ಉಪ್ಪ ಮಾಡಿತು. ನನಗೂ ನೀರಿಗೂ ಆಗಿ ಬರೂದಿಲ್ರಿ," ಎಂದು ಅವರು ಅಂದದ್ದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ ಮುಗಿಸಿ, ಮರುದಿನ ಬೆಳಿಗ್ಗೆ ತದಡಿಯ ಕಡೆಯ ದಂಡೆಗೆ ಬಂದೆವು. ಸಿರ್ಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಎತ್ತರದಿಂದ ಧುಮುಕಿ, ತದಡಿ ಹಾಗೂ ಅಘನಾಶಿನಿ ಎಂಬ ಊರುಗಳ ನಡುವೆ ಈ ನದಿಯು ಸಮುದ್ರವನ್ನು ಸೇರುವಳು. 'ಅಘ'ವೆಂದರೆ ಪಾಪ, ಪಾಪವನ್ನು ನಾಶಮಾಡುವವಳೇ ಅಘನಾಶಿನಿ. ನೆರೆಯ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಬಿದ್ದಿತು. ಆದರೆ ಈಕೆಗೆ ಈವರೆಗೂ ದೊಡ್ಡ ಕಟ್ಟೊಂದೂ ಬಿದ್ದಿಲ್ಲ. ಆದ ಕಾರಣ ಸಿಹಿನೀರೂ ಉಪ್ಪುನೀರೂ ಇಲ್ಲಿ ತಮ್ಮ ತಮ್ಮ ಹೊತ್ತಿಗೆ ಬಂದು ಕೂಡುವವು. ಈ ಅಳಿವೆಯು 2024ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿ, ಜಗತ್ತಿನ ಮಹತ್ವದ ಜೌಗುಭೂಮಿಗಳಲ್ಲಿ ಒಂದೆಂದು ಮಾನ್ಯವಾಗಿರುವದು.

ನಮಗಾಗಿ ಕಯಾಕುಗಳು ಕಾದಿದ್ದವು. ಉತ್ತರಧ್ರುವದ ಸಮೀಪದ ಇನ್ಯೂಯಿಟ್ ಜನರು ಸೀಲೆಂಬ ಪ್ರಾಣಿಯ ಚರ್ಮವನ್ನು ಹಂದರಕ್ಕೆ ಹೊಲಿದು ಮಾಡುತ್ತಿದ್ದ ಬೇಟೆಯ ದೋಣಿಯೇ ಕಯಾಕು. ಬಿದಿರ ಬುಟ್ಟಿಗೆ ತೊಗಲು ಹೊದಿಸಿದ ನಮ್ಮ ಕೃಷ್ಣೆಯ ಹರಗೋಲಿಗೆ ಇದು ದೂರದ ನಂಟನೆನ್ನಬಹುದು. ಈಗಿನವು ಪ್ಲಾಸ್ಟಿಕ್ಕಿನವು, ಇಬ್ಬರು ಹಿಂದುಮುಂದಾಗಿ ಕುಳಿತು ಎರಡೂ ತುದಿಗೆ ಅಲಗುಳ್ಳ ಹುಟ್ಟನ್ನು ಹಾಕಬೇಕು. ಲೈಫ್ ಜಾಕೆಟ್ಟು ತೊಟ್ಟು ನಾವೂ ನಮ್ಮ ಮೊಮ್ಮಗನೂ ಒಂದರಲ್ಲಿ ಕುಳಿತೆವು. ಗೌಡರು ಕಯಾಕಿಗೆ ಒಪ್ಪಲಿಲ್ಲ. ಬಹಳ ಹೇಳಿದ ಮೇಲೆ, ಬುತ್ತಿಯ ಗಂಟುಗಳನ್ನು ಹೊತ್ತು ಬರುವ ಅಂಬಿಗರ ದೋಣಿಯಲ್ಲಿ ಅಂಚನ್ನು ಗಟ್ಟಿಯಾಗಿ ಹಿಡಿದು ಕುಳಿತರು.

ಭರತದ ನೀರು ಏರತೊಡಗಿತ್ತು. ದಿನಕ್ಕೆ ಎರಡು ಸಾರೆ ಏರಿ ಎರಡು ಸಾರೆ ಇಳಿಯುವ ಈ ನೀರಿನ ಹೊತ್ತನ್ನು ನೋಡಿಯೇ ಇಲ್ಲಿಯವರು ಮೀನಿಗೂ ಚಿಪ್ಪಿಗೂ ಹೊರಡುವರು. ಅಗಲವಾದ ಹೊಳೆಯಿಂದ ಒಂದು ಕಿರುಗಾಲುವೆಯೊಳಗೆ ಹೊಕ್ಕೊಡನೆ ಗಾಳಿ ನಿಂತಿತು. ಎರಡೂ ಕಡೆಗೆ ಕಾಂಡ್ಲಾಗಿಡಗಳು ಬೊಡ್ಡೆಯಿಂದ ಕಮಾನಿನಂಥ ಬೇರುಗಳನ್ನು ಇಳಿಬಿಟ್ಟು, ಮರಗಾಲುಗಳ ಮೇಲೆ ನಿಂತ ಆಟಗಾರರಂತೆ ಕೆಸರಿನಲ್ಲಿ ನಿಂತಿದ್ದವು. ಮತ್ತೊಂದು ಜಾತಿಯ ಗಿಡದ ಸುತ್ತಲೂ ಗೇಣುದ್ದದ ಬೇರುಗಳು ಮೊಳೆಗಳಂತೆ ಮೇಲಕ್ಕೆ ಎದ್ದಿದ್ದವು. ಉಸಿರಾಡದ ಕೆಸರಿನಲ್ಲಿ ಗಾಳಿಯನ್ನು ಕುಡಿಯುವದಕ್ಕೆ ಇವೇ ಮೂಗುಗಳಂತೆ.

ನಮ್ಮನ್ನು ಕರೆದೊಯ್ಯುತ್ತಿದ್ದ ತರುಣನು ಆ ಗಿಡದ ಎಲೆಯೊಂದನ್ನು ಹರಿದು, ನಾಲಿಗೆಗೆ ಹಚ್ಚಿರೆಂದನು. ಉಪ್ಪು! ಗಿಡವು ಹೀರಿದ ಉಪ್ಪನ್ನು ಎಲೆಯ ಮೇಲೆ ಹೊರಹಾಕುವದು. ಕಮಾನುಬೇರಿನ ಜಾತಿಯಾದರೋ ಬಹುಭಾಗ ಉಪ್ಪನ್ನು ಬೇರಿನಲ್ಲಿಯೇ ಸೋಸಿ ಬಿಡುವದು. ದೋಣಿಯಲ್ಲಿದ್ದ ಗೌಡರೂ ಎಲೆಯನ್ನು ಬೇಡಿ ಪಡೆದು ಬಹಳ ಹೊತ್ತು ನೋಡಿದರು. "ನಮ್ಮ ಹೊಲದಾಗ ಬೇಸಿಗಿಗೆ ಹಿಂಗ ಬೆಳ್ಳಗ ಬೀಳತೈತ್ರಿ," ಎಂದರು.

ಕೊಂಬೆಗಳಿಂದ ನುಗ್ಗೆಕಾಯಿಯಂಥವು ಜೋತುಬಿದ್ದಿದ್ದವು. ಅವು ಕಾಯಿಗಳಲ್ಲ, ಸಸಿಗಳು! ಬೀಜವು ತಾಯಿಮರದ ಮೇಲೆಯೇ ಮೊಳೆತು, ಬೆಳೆದು, ಕೆಳಗೆ ಬಿದ್ದು ಕೆಸರಿನಲ್ಲಿ ನಾಟಿಕೊಳ್ಳುವದು. ಇಲ್ಲವೆ ತೇಲಿಹೋಗಿ ಬೇರೆ ದಂಡೆ ಹಿಡಿಯುವದು. ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜಗಳೆಂದು ನಮ್ಮ ಹಿರಿಯರು ಜೀವರಾಶಿಯನ್ನು ನಾಲ್ಕಾಗಿ ವಿಂಗಡಿಸಿದರು. ನೆಲ ಸೀಳಿ ಹುಟ್ಟುವದು ಉದ್ಭಿಜ್ಜ. ತಾಯಿಯ ಮೈಮೇಲೆ ಬೆಳೆದು ಇಳಿಯುವ ಈ ಮರವನ್ನು ಯಾವ ಪಂಕ್ತಿಯಲ್ಲಿ ಕೂಡಿಸಬೇಕೆಂಬ ವಿಚಾರದಲ್ಲಿ ನಾವು ಮೈಮರೆತೆವು.

ಅದರ ಫಲವು ಕೂಡಲೆ ದೊರೆಯಿತು. ಹುಟ್ಟು ಹಾಕುವದನ್ನು ಮರೆತ ನಮ್ಮ ಕಯಾಕು ಬೇರುಗಳ ನಡುವೆ ಹೊಕ್ಕು ಕೆಸರಿನಲ್ಲಿ ಕೂತುಬಿಟ್ಟಿತು. ಮೊಮ್ಮಗನು ಹೆದರಿ ಎದ್ದು ನಿಂತನು, ಕಯಾಕು ಓಲಾಡಿತು. ಉಳಿದವರು ತಿರುವಿನಾಚೆ ಹೋಗಿದ್ದರು. ಆಗ ಹಿಂದಿನಿಂದ "ಕೂಡಪಾ ತಮ್ಮಾ, ಅಲ್ಲೇ ಕೂಡು!" ಎಂಬ ಧ್ವನಿ ಕೇಳಿತು. ನೋಡುವಷ್ಟರಲ್ಲಿ ಗೌಡರು ಧೋತರವನ್ನು ಎತ್ತಿಕಟ್ಟಿ ದೋಣಿಯಿಂದ ಇಳಿದಿದ್ದರು! ಎರೆಹೊಲದಲ್ಲಿ ಜನ್ಮ ಸವೆಸಿದವರಿಗೆ ಕೆಸರಿನ ಭಯವೆಲ್ಲಿಯದು? ಮೊಳಕಾಲುಮಟ್ಟ ನೀರಿನಲ್ಲಿ ಬೇರು ಹಿಡಿದು ಮೆಲ್ಲನೆ ಬಂದು, ಅಂಬಿಗನೊಡನೆ ಕಯಾಕನ್ನು ಎಳೆದು ಹೊಳೆಗೆ ತಂದರು. ತಾವು ನೀರಿಗೆ ಇಳಿದದ್ದು ಆ ಮೇಲೆ ಅವರ ಲಕ್ಷ್ಯಕ್ಕೆ ಬಂದಿತು. ಏನೂ ಅನ್ನದೆ ಕೈತೊಳೆದುಕೊಂಡರು.

ಮಧ್ಯಾಹ್ನದ ಹೊತ್ತಿಗೆ ಐಗಳಕುರ್ವೆಯನ್ನು ಮುಟ್ಟಿದೆವು. ಕುರ್ವೆಯೆಂದರೆ ಇಲ್ಲಿಯ ಮಾತಿನಲ್ಲಿ ಹೊಳೆಯೊಳಗಿನ ದ್ವೀಪ. 'ದ್ವಿ', 'ಅಪ್' ಎಂಬ ಎರಡು ಶಬ್ದಗಳು ಕೂಡಿ, ಇಕ್ಕಡೆಗೂ ನೀರುಳ್ಳ ನೆಲವು ದ್ವೀಪವಾಗುವದೆಂದು ಮೂವತ್ತು ವರ್ಷ ಹುಡುಗರಿಗೆ ಕಲಿಸಿದ ನಾವು ಹೊಳೆಯ ನಡುವೆ ಅಂಥ ನೆಲದ ಮೇಲೆ ಕಾಲಿಟ್ಟದ್ದು ಅಂದೇ. ಅಲ್ಲಿಯ ಮನೆಯೊಂದರ ಜಗಲಿಯ ಮೇಲೆ ನಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಳನ್ನು ಬಿಚ್ಚಿದೆವು. ಮನೆಯ ತಾಯಿ ಅವನ್ನು ಸಂತೋಷದಿಂದ ಸ್ವೀಕರಿಸಿ, ನಮಗೆ ಕೆಂಪು ಅಕ್ಕಿಯ ಬಿಸಿ ಗಂಜಿಯನ್ನು ಬಡಿಸಿದರು. ಅದು ಕಗ್ಗದ ಅಕ್ಕಿ.

ಕಗ್ಗವೆಂಬದು ಉಪ್ಪನ್ನು ತಾಳುವ ಭತ್ತ. ಹೊಳೆಯಂಚಿನ ತಗ್ಗು ಗದ್ದೆಗಳಿಗೆ ಗಜನಿಯೆನ್ನುವರು. ಸುತ್ತಲೂ ಮಣ್ಣಿನ ಒಡ್ಡು ಕಟ್ಟಿ, ಹಲಗೆಯ ಬಾಗಿಲಿಟ್ಟು, ಭರತಕ್ಕೆ ಮುಚ್ಚಿ ಇಳಿತಕ್ಕೆ ತೆರೆದು, ಮಳೆಗಾಲದ ಸಿಹಿನೀರಿನಿಂದ ಉಪ್ಪನ್ನು ತೊಳೆದುಬಿಡುವರು. ಜೂನಿನಲ್ಲಿ ಬಿತ್ತಿ ಅಕ್ಟೋಬರಿನಲ್ಲಿ ಕೊಯ್ಯುವರು, ಗೊಬ್ಬರ ಬೇಡ. ಕೊಯ್ದ ಮೇಲೆ ಉಪ್ಪುನೀರನ್ನು ಒಳಗೆ ಬಿಟ್ಟರೆ, ಕೊಳೆತ ಕೂಳೆಯನ್ನು ತಿಂದು ಸಿಗಡಿ-ಮೀನು ಬೆಳೆಯುವವು. ಸಮೀಪದ ಮಾಣಿಕಟ್ಟಾದ ಗಜನಿಯು ಈ ಬೆಳೆಗೆ ಹೆಸರಾದದ್ದು. ತೆರೆಗಳ ಹೊಡೆತದಿಂದ ಒಡ್ಡನ್ನು ಕಾಯುವದಕ್ಕೆ ಹೊರಗಿನ ಕಾಂಡ್ಲಾಗಿಡಗಳೇ ಬೇಲಿ.

ಗೌಡರು ಒಡ್ಡಿನ ಮೇಲೆ ಹೋಗಿ ಆ ಬಾಗಿಲನ್ನು ಕುಳಿತು ಪರೀಕ್ಷಿಸಿದರು. ಕಗ್ಗದ ಬೀಜವನ್ನು ಕೇಳುವರೆಂದು ನಾವು ತಿಳಿದಿದ್ದೆವು. ಅವರು ಕೇಳಿದ್ದು ಬೇರೆ: "ನೀರ ಹೊರಗ ಹೋಗಾಕ ಎಷ್ಟ ತಗ್ಗ ಇಟ್ಟೀರಿ?" ತಿರುಗಿ ಬರುವಾಗ ನಮಗೆ ಅಂದರು: "ನಮಗ ನೀರ ತರೂದ ಅಷ್ಟ ಕಲಿಸಿದರ್ರಿ ಮಾಸ್ತರ್ರ. ಕಳಸೂದ ಕಲಿಸಲಿಲ್ಲ."

ಈ ಮಾತಿನ ಯಥಾರ್ಥತೆಯನ್ನು ವಾಚಕರು ವಿಚಾರಿಸಬೇಕು. ಎರೆಮಣ್ಣಿಗೆ ಕಾಲುವೆಯ ನೀರನ್ನು ಮಿತಿಮೀರಿ ಹಾಯಿಸಿ, ಬಸಿದುಹೋಗಲು ದಾರಿ ಕೊಡದಿದ್ದರೆ, ನೆಲದೊಳಗಿನ ಉಪ್ಪು ನೀರಿನೊಡನೆ ಮೇಲೆ ಬಂದು, ನೀರು ಆರಿ, ಉಪ್ಪು ಉಳಿಯುವದು. ಕರಾವಳಿಯವರಿಗೆ ಸಮುದ್ರವೇ ಬಾಗಿಲಲ್ಲಿದ್ದರೂ ಗದ್ದೆ ಕೆಡಲಿಲ್ಲ. ನೀರಿಗೆ ಬರುವ ದಾರಿಯಂತೆ ಹೋಗುವ ದಾರಿಯನ್ನೂ ಅವರು ಇಟ್ಟಿರುವರು.

ಇಳಿತದೊಡನೆ ನಾವು ತಿರುಗಿದೆವು. ಈ ಸಾರೆ ಮೊಮ್ಮಗನ ಮುಂದೆ ಗೌಡರೇ ಕುಳಿತು ಹುಟ್ಟು ಹಾಕಿದರು. ನಾವು ಬುತ್ತಿಯ ದೋಣಿಗೆ ಹೋದೆವು. ಮರುದಿನ ಕೊಲ್ಹಾರದ ಸೇತುವೆಯ ಮೇಲೆ ಅವರು ವಾಹನವನ್ನು ನಿಲ್ಲಿಸಹೇಳಿ, ಇಳಿದು, ತಮ್ಮ ಊರು ಇದ್ದ ದಿಕ್ಕಿಗೆ ಕೈಮುಗಿದರು. ಹೋದ ವಾರ ನಮ್ಮ ಮನೆಗೆ ಬಂದಿದ್ದರು. ನೆರೆಯ ನಾಲ್ಕು ಹೊಲದವರನ್ನು ಕೂಡಿಸಿಕೊಂಡು ಹಳ್ಳದವರೆಗೆ ಬಸಿಗಾಲುವೆ ತೋಡಬೇಕೆಂದು ಅವರ ಮನಸ್ಸು. ಅರ್ಜಿಯನ್ನು ನಮ್ಮಿಂದ ಬರೆಯಿಸಿಕೊಂಡು ಹೋದರು. ಮೂವರು ಸಹಿ ಮಾಡಿರುವರು, ನಾಲ್ಕನೆಯವರು ಇನ್ನೂ ಒಪ್ಪಬೇಕಾಗಿರುವದು.