ಅಂಗೈಗೆ ಇಳಿದ ಆಟ

ಹಿರಿದಾದ ಕೃತಿಯನ್ನು ಕಿರಿದುಗೊಳಿಸುವವನ ಮುಂದೆ ಎರಡು ದಾರಿಗಳಿವೆ. ಮೂಲದ ಅಕ್ಷರಗಳನ್ನು ಹಾಗೆಯೇ ಉಳಿಸಿ ಹಾಳೆಯ ಅಂಚನ್ನು ಕತ್ತರಿಸುವುದು ಒಂದು. ಹೊಸ ಅಳತೆಗೆ ತಕ್ಕಂತೆ ಕೃತಿಯನ್ನೇ ಮರಳಿ ಕಟ್ಟುವುದು ಮತ್ತೊಂದು. ಬಾಣಭಟ್ಟನ ಗದ್ಯಕಾವ್ಯವನ್ನು ಸಂಗ್ರಹಿಸಿ, ಚಂಪೂರೂಪದಲ್ಲಿ 'ಕರ್ಣಾಟಕ ಕಾದಂಬರಿ'ಯನ್ನು ರಚಿಸಿದ ನಾಗವರ್ಮನು ಎರಡನೆಯ ದಾರಿ ಹಿಡಿದವನು. ಈ ವಿವೇಚನೆಯು ಮಕ್ಕಳ ಆಟಿಕೆಯೊಂದಕ್ಕೂ ಸಲ್ಲುತ್ತದೆಂದರೆ ಪಂಡಿತರು ನಕ್ಕಾರು; ನಗಲಿ.

ಜಪಾನಿನ ನಿಂಟೆಂಡೊ ಸಂಸ್ಥೆಯು 1985ರಲ್ಲಿ ಹೊರತಂದ 'ಸೂಪರ್ ಮಾರಿಯೊ ಬ್ರದರ್ಸ್' ಟೀವಿಯ ಪರದೆಗಾಗಿ ರಚಿತವಾದ ವಿಡಿಯೊ ಗೇಮ್. ಮೀಸೆಯ ನಾಯಕನು ಇಟ್ಟಿಗೆಯಿಂದ ಇಟ್ಟಿಗೆಗೆ ನೆಗೆಯುತ್ತ, ಹೊಂಡಗಳನ್ನು ದಾಟುತ್ತ, ಎಂಟು ಲೋಕಗಳ 32 ಘಟ್ಟಗಳನ್ನು ಕ್ರಮಿಸಬೇಕು. ಅದೇ ಆಟವು 1999ರಲ್ಲಿ 'ಡೀಲಕ್ಸ್' ಎಂಬ ವಿಶೇಷಣದೊಡನೆ 'ಗೇಮ್ ಬಾಯ್ ಕಲರ್' ಎಂಬ ಕೈಯಂತ್ರಕ್ಕೆ ಇಳಿಯಿತು.

ವಿಮಾನಗಳ ಸದ್ದಿಗೂ ವಾಯುಸೇನೆಯ ತರಬೇತಿ ಶಾಲೆಗೂ ಹೆಸರಾದ ಸಾಂಬ್ರಾದ ಮನೆಯೊಂದರಲ್ಲಿ ಈ ಯಂತ್ರವು ಮೊದಲು ಅಣ್ಣನ ಕೈಸೇರಿತು. ಬೆಳಗಾವಿಯ ಸೋದರಮಾವನ ಮನೆಯಲ್ಲಿ ದೊಡ್ಡ ಆಟವನ್ನು ಕಂಠಪಾಠವೆಂಬಂತೆ ಕಲಿತಿದ್ದ ಅವನು ನಿರಾಯಾಸವಾಗಿ ಘಟ್ಟದ ಮೇಲೆ ಘಟ್ಟ ದಾಟಿದನು. ಅನಂತರ ತಮ್ಮನ ಸರದಿ. ಎತ್ತರದ ಇಟ್ಟಿಗೆಯಿಂದ ನೆಗೆದು ಹೊಂಡಕ್ಕೆ ಬಿದ್ದನು. ಮತ್ತೆ ನೆಗೆದು ಮತ್ತೆ ಬಿದ್ದನು.

"ಅಣ್ಣಾ, ಕೆಳಗ ಏನೈತಿ ಅಂತ ಕಾಣವಲ್ದು."

"ಸುಮ್ನ ಜಿಗಿಯೋ, ಅಲ್ಲಿ ನೆಲ ಐತಿ."

ಅಣ್ಣನಿಗೂ ಆ ನೆಲ ಕಾಣುತ್ತಿರಲಿಲ್ಲ. ಅವನಿಗೆ ಅದು ನೆನಪಿತ್ತು.

ಲೆಕ್ಕ ಸ್ಪಷ್ಟವಾಗಿದೆ. ಮೂಲದ ಚಿತ್ರ 256 ಚುಕ್ಕೆ ಅಗಲ, 240 ಚುಕ್ಕೆ ಎತ್ತರ. ಕೈಯಂತ್ರದ್ದು 160 ಮತ್ತು 144. ಹದಿನಾರು ಇಟ್ಟಿಗೆಗಳು ಕಾಣುತ್ತಿದ್ದ ಅಗಲದಲ್ಲಿ ಈಗ ಹತ್ತೇ ಕಾಣುತ್ತವೆ. ನಾಯಕನ ಗಾತ್ರವನ್ನು ಕುಗ್ಗಿಸದೆ ಅವನ ಸುತ್ತಣ ಜಗತ್ತನ್ನು ಎಂಟರಲ್ಲಿ ಮೂರು ಪಾಲಿಗೆ ಇಳಿಸಲಾಗಿದೆ. ಅದೇ ಸಂಸ್ಥೆಯು 1989ರಲ್ಲಿಯೇ ಇನ್ನೊಂದು ದಾರಿಯನ್ನೂ ತುಳಿದಿತ್ತು. ಆ ವರ್ಷದ 'ಸೂಪರ್ ಮಾರಿಯೊ ಲ್ಯಾಂಡ್' ಕೈಯಂತ್ರಕ್ಕೆಂದೇ ಕಟ್ಟಿದ ಹೊಸ ಆಟ: ನಾಯಕನೂ ಕಿರಿದು, ಘಟ್ಟಗಳೂ ಹನ್ನೆರಡೇ. ಕಟ್ಟುವಿಕೆಯ ದೃಷ್ಟಿಯಿಂದ ಅದೇ ಮೇಲು. ಡೀಲಕ್ಸಿನ ಗುಣವನ್ನೂ ಮರೆಮಾಚಬಾರದು. ಆಟವನ್ನು ನಡುವೆ ನಿಲ್ಲಿಸಿ, ಕಾದಿರಿಸಿ, ಮರುದಿನ ಮುಂದುವರಿಸುವ ಅನುಕೂಲ ಮೂಲದಲ್ಲಿರಲಿಲ್ಲ.

ಕರಸ್ಥಲದ ಮಹಿಮೆಯನ್ನರಿತ ಶರಣರ ನಾಡಿನಲ್ಲಿ ಅಂಗೈ ಕಿರಿದೆಂದು ಯಾರೂ ಹೇಳಲಾರರು. ಆಟಿಕೆಗೆ ಆ ಹೋಲಿಕೆ ಸಲ್ಲದು. ಆದರೆ ಅಂಗೈಗೆ ಬಂದುದು ಪೂರ್ಣವಾಗಿ ಬರಬೇಕೆಂಬ ನಿರೀಕ್ಷೆ ಈ ನೆಲದ್ದು.

ಶಾಲೆಯ ಪಠ್ಯಗಳ ಪಾಡೂ ಇದೇ. ಕುಮಾರವ್ಯಾಸನ ಹತ್ತಾರು ಪದ್ಯಗಳನ್ನು ಆಯ್ದು ಕೊಟ್ಟಾಗ, ಮನೆಯಲ್ಲಿ ಗಮಕ ಕೇಳಿ ಬೆಳೆದ ಬಾಲಕನಿಗೆ ಅವುಗಳ ಹಿಂದುಮುಂದಿನ ಭಾರತವೆಲ್ಲ ಕಾಣುತ್ತದೆ. ಅದನ್ನು ಕೇಳಿಯೇ ಇರದವನು ಪದ್ಯದಿಂದ ಪದ್ಯಕ್ಕೆ ಕುರುಡಾಗಿ ನೆಗೆಯುತ್ತಾನೆ. ಪರೀಕ್ಷೆಯಲ್ಲಿ ಬಿದ್ದರೆ ದಡ್ಡನೆನಿಸಿಕೊಳ್ಳುವವನೂ ಅವನೇ.

ಡೀಲಕ್ಸನ್ನು ರಚಿಸಿದವರಿಗೆ ಈ ತೊಡಕು ತಿಳಿದಿತ್ತು. ನಾಯಕನನ್ನು ನಿಲ್ಲಿಸಿ ಕೆಳಗಿನ ಗುಂಡಿಯೊತ್ತಿದರೆ ನೋಟವು ಕೆಳಕ್ಕೆ ಸರಿದು ನೆಲ ತೋರುತ್ತದೆ. ಅಣ್ಣನಿಗೆ ಅದರ ಅಗತ್ಯವೇ ಬೀಳಲಿಲ್ಲ. ತಮ್ಮನು ಮೂರನೆಯ ದಿನ ತಾನಾಗಿ ಅದನ್ನು ಕಂಡುಕೊಂಡು, ಪ್ರತಿಯೊಂದು ಅಂಚಿನಲ್ಲಿಯೂ ನಿಂತು, ಬಗ್ಗಿ ನೋಡಿ, ಬಳಿಕ ನೆಗೆಯತೊಡಗಿದನು. ಆಟದ ಗಡಿಯಾರ ಮಾತ್ರ ಅವನಿಗಾಗಿ ನಿಲ್ಲಲಿಲ್ಲ.