ಬಾಗಿಲ ಮೇಲಿನ ಕಾಗದ

ನಮ್ಮ ಬಾಗಿಲಿಗೆ ಬ್ಯಾಂಕಿನವರು ಇಂಗ್ಲಿಷ್ ನೋಟೀಸು ಅಂಟಿಸಿ ಹೋದರು. ಡಿಗ್ರಿ ಓದಿದ ನಮಗೂ ಅದು ತಿಳಿಯಲಿಲ್ಲ. ‘ನಿಮ್ತಾತ ಸಾಲಕ್ಕೆ ಜೀತಕ್ಕಿದ್ದ, ಈಗ ಮನೇನೂ ಹೋಯ್ತದೆ ಕಣ್ರಪ್ಪಾ’ ಅಂತ ಅವ್ವ ಪಾತ್ರೆ ಗಂಟು ಕಟ್ಟಿದಳು.

ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದೆವು. 1987ರ ಕಾಯ್ದೆಯಂತೆ ನಮ್ಮ ಜನಕ್ಕೆ ವಕೀಲರು ಪುಕ್ಕಟೆ. ವಕೀಲಮ್ಮ ಬಿಡಿಸಿ ಹೇಳಿದರು: ‘ಇದು 2002ರ ಸರ್ಫೇಸಿ ಕಾಯ್ದೆ. 60 ದಿನ ಮನೆ ಮುಟ್ಟಂಗಿಲ್ಲ. ತಕರಾರು ಬರೆದುಕೊಟ್ಟರೆ ಬ್ಯಾಂಕು 15 ದಿನದಲ್ಲಿ ಉತ್ತರ ಕೊಡಬೇಕು. ಸ್ವಾಧೀನಕ್ಕೆ ಬಂದರೂ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು.’

ಸಾಲ ತೀರಿಲ್ಲ, ಅವ್ವ ಗಂಟು ಬಿಚ್ಚಿದ್ದಾಳೆ. 1976ರ ಕಾಯ್ದೆಯಲ್ಲಿ ಜೀತವೂ ಜೀತದ ಸಾಲವೂ ರದ್ದಾಗಿದ್ದವು. ತಾತನಿಗೆ ಅದನ್ನು ಓದಿ ಹೇಳುವವರಿರಲಿಲ್ಲ. ಅಕ್ಷರ ಕಲಿತ ಗೆಳೆಯರೇ, ಕೇರಿಯ ಬಾಗಿಲುಗಳನ್ನು ಓದೋಣ.